ಫೋಟೊ ಫೈಲನ್ನು ಹದವರಿತು ಕೆಡಿಸುವುದು: ಗ್ಲಿಚ್ ಕಲೆಗೆ ಒಂದು ಕೈಪಿಡಿ

ಮುಹೂರ್ತದ ಫೋಟೊದಲ್ಲಿ ವರನ ಪೇಟ ಎಡ ಅಂಚಿನಲ್ಲಿತ್ತು, ಅದರ ಕೆಳಗೆ ಇರಬೇಕಾದ ಮುಖ ಬಲ ಅಂಚಿನಲ್ಲಿತ್ತು. ವಧುವಿನ ಸೀರೆ ಸೊಂಟದವರೆಗೆ ಹಸಿರು, ಅಲ್ಲಿಂದ ಕೆಳಗೆ ನೇರಳೆ. ಅಕ್ಷತೆ ಕಾಳೆಲ್ಲ ಗುಲಾಬಿ. ಪುರೋಹಿತರಿದ್ದ ಜಾಗದಲ್ಲಿ ಬರೀ ಬೂದು ಪಟ್ಟಿ. ಬಳ್ಳಾರಿಯ ಒಂದು ಸ್ಟುಡಿಯೊದಲ್ಲಿ ಮದುವೆ ಆಲ್ಬಂ ಮಾಡುವ ಕೆಲಸದಲ್ಲಿದ್ದಾಗ, ಕೆಟ್ಟುಹೋದ ಮೆಮೊರಿ ಕಾರ್ಡಿನಿಂದ ರಿಕವರಿ ಸಾಫ್ಟ್‌ವೇರ್ ಹಾಕಿ ನಾನು ಹೊರತೆಗೆದ ಫೋಟೊ ಅದು. ಪುಣ್ಯಕ್ಕೆ ಎರಡನೆಯ ಕ್ಯಾಮೆರಾದಲ್ಲಿ ತಾಳಿ ಕಟ್ಟುವ ದೃಶ್ಯ ಸಿಕ್ಕಿತ್ತು. ಇಲ್ಲದಿದ್ದರೆ ಈ ಲೇಖನ ಬರೆಯಲು ನಾನು ಉಳಿಯುತ್ತಿರಲಿಲ್ಲ.

‘ಇದನ್ನು ಮೊದಲು ಅಳಿಸು, ಹೆಣ್ಣಿನ ಕಡೆಯವರ ಕಣ್ಣಿಗೆ ಬೀಳಬಾರದು’ ಎಂದರು ಮಾಲೀಕರು. ನಾನು ಅಳಿಸಲಿಲ್ಲ. ಬಣ್ಣ ಸರಿಯಾಗಿ ಸೊಂಟದ ಬಳಿಯೇ ಏಕೆ ಬದಲಾಯಿತು, ಮುಖ ಇನ್ನೊಂದು ತುದಿಗೆ ಏಕೆ ಹೋಯಿತು ಎಂಬ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಉತ್ತರ ಹುಡುಕುತ್ತ ಹುಡುಕುತ್ತ, ಬೇಕೆಂದೇ ಫೈಲ್ ಕೆಡಿಸುವುದನ್ನು ಕಲಿತೆ. ಇದಕ್ಕೆ ಗ್ಲಿಚ್ ಕಲೆ ಎನ್ನುತ್ತಾರೆ. ಮೊಬೈಲ್ ಆ್ಯಪ್‌ಗಳಲ್ಲಿ ಗ್ಲಿಚ್ ಎಂಬ ಬಟನ್ ಇದೆಯಲ್ಲ, ಅದು ಬೇರೆ. ಅದು ಚಿತ್ರದ ಮೇಲೆ ಕೆಂಪು-ನೀಲಿ ಗೆರೆಗಳನ್ನು ಬಳಿಯುತ್ತದೆ. ಯಾರ ಫೋಟೊ ಕೊಟ್ಟರೂ ಅದೇ ಗೆರೆ. ಇಲ್ಲಿ ಹೇಳಹೊರಟಿರುವುದು ಫೈಲಿನ ಒಳಗೆ ಕೈಹಾಕುವ ವಿಧಾನ. ಫೋಟೊ ಉಳಿಸುವ ಫೈಲುಗಳಲ್ಲಿ ಹಲವು ಬಗೆ: ಜೆಪೆಗ್ ಒಡೆಯುವ ರೀತಿ ಒಂದು, ಬಿಎಂಪಿ ಒಡೆಯುವ ರೀತಿ ಇನ್ನೊಂದು. ಎಲ್ಲಿ ಪೆಟ್ಟು ಹಾಕಿದರೆ ಏನಾಗುತ್ತದೆ ಎಂದು ಗೊತ್ತಿದ್ದರೆ ಅರ್ಧ ನಿಮ್ಮ ಕೈಯಲ್ಲಿ, ಉಳಿದರ್ಧ ಫೈಲಿನ ಇಷ್ಟ.

ಬೇಕಾಗುವ ಸಾಮಾನು

ಹಳೆಯದಾದರೂ ಸರಿ, ಒಂದು ಕಂಪ್ಯೂಟರ್. ಮೂರು ಸಾಫ್ಟ್‌ವೇರ್: ಚಿತ್ರ ತಯಾರಿಸಲು ಗಿಂಪ್, ಫೈಲಿನ ಬೈಟ್‌ಗಳನ್ನು ನೋಡಲು ಒಂದು ಹೆಕ್ಸ್ ಎಡಿಟರ್ (ವಿಂಡೋಸ್‌ಗೆ ಎಚ್‌ಎಕ್ಸ್‌ಡಿ ಸಾಕು), ಧ್ವನಿಗೆ ಅಡಾಸಿಟಿ. ಮೂರೂ ಉಚಿತ. ಮೊಬೈಲ್‌ನಲ್ಲಿಯೂ ಹೆಕ್ಸ್ ಎಡಿಟರ್‌ಗಳು ಸಿಗುತ್ತವೆ, ಆದರೆ ಅಷ್ಟು ಸಣ್ಣ ಪರದೆಯಲ್ಲಿ ಬೈಟ್ ಎಣಿಸುವುದು ಅಕ್ಕಿಯಲ್ಲಿ ನುಚ್ಚು ಆರಿಸಿದಂತೆ. ನಾನಂತೂ ಮಾಡುವುದಿಲ್ಲ.

ಇನ್ನು ಫೋಟೊ. ನಾನು ಮತ್ತೆ ಮತ್ತೆ ಬಳಸುವುದು ಸಂಗನಕಲ್ಲಿನ ಗುಡ್ಡದ ಒಂದು ಚಿತ್ರವನ್ನು. ಬಳ್ಳಾರಿಯವರಿಗೆ ಆ ಜಾಗ ಗೊತ್ತು: ಕಪ್ಪು ಬಂಡೆಗಳ ರಾಶಿ, ಅವುಗಳ ಮೇಲೆ ನವಶಿಲಾಯುಗದಿಂದ ಹಿಡಿದು ಕುಟ್ಟಿ ಮೂಡಿಸಿದ ಉದ್ದ ಕೊಂಬಿನ ಎತ್ತುಗಳು, ತಟ್ಟಿದರೆ ಗಂಟೆಯಂತೆ ನಾದ ಕೊಡುವ ಕಲ್ಲುಗಳು. ಗೀರುಗಳೇ ಚಿತ್ರವಾದ ಜಾಗ. (ಅಲ್ಲಿ ಹೋಗಿ ಕಲ್ಲು ಕುಟ್ಟಬೇಡಿ. ಪೆಟ್ಟು ಫೈಲಿಗೆ ಮಾತ್ರ.) ನನ್ನ ಚಿತ್ರದ ಮೇಲಿನ ಅರ್ಧದಲ್ಲಿ ಮೇ ತಿಂಗಳ ಬಿಳುಚಿದ ಆಕಾಶ, ಕೆಳಗಿನ ಅರ್ಧದಲ್ಲಿ ಬಂಡೆಗಳು. ಮಾಮೂಲಿ ಛಾಯಾಗ್ರಾಹಕರು ಈ ಆಕಾಶವನ್ನು ನೋಡಿ ಮೂಗು ಮುರಿಯುತ್ತಾರೆ. ನಮಗೆ ಅದೇ ಬಂಡವಾಳ. ಒಂದೇ ಸಮನಾದ ಜಾಗದಲ್ಲಿ ಬಣ್ಣದ ಪಟ್ಟಿಗಳು ಎದ್ದು ಕಾಣುತ್ತವೆ, ಒರಟು ಬಂಡೆಗಳಲ್ಲಿ ಸಣ್ಣ ತಪ್ಪು ಅಡಗಿಹೋಗುತ್ತದೆ. ಎರಡೂ ಇರುವ ಚಿತ್ರವನ್ನು ಆರಿಸಿಕೊಳ್ಳಿ. ಜಾತ್ರೆಯ ಜನಜಂಗುಳಿಯ ಫೋಟೊ ತಂದರೆ ಒಡೆದದ್ದು ಯಾವುದು, ಒಡೆಯದ್ದು ಯಾವುದು ಎಂದೇ ತಿಳಿಯುವುದಿಲ್ಲ.

ಫೋಟೊವನ್ನು ಗಿಂಪ್‌ನಲ್ಲಿ ತೆರೆದು 1200 ಅಗಲ, 800 ಎತ್ತರದ ಪಿಕ್ಸೆಲ್‌ಗೆ ಇಳಿಸಿ. ಮುಂದೆ ಬರುವ ಲೆಕ್ಕಗಳೆಲ್ಲ ಈ ಅಳತೆಯದ್ದೇ, ಹಾಗಾಗಿ ಮೊದಲ ಸಲ ಇದನ್ನೇ ಪಾಲಿಸಿ. 80ರ ಗುಣಮಟ್ಟದಲ್ಲಿ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಆ ಕಿಟಕಿಯಲ್ಲಿ ಪ್ರೋಗ್ರೆಸಿವ್, ರೀಸ್ಟಾರ್ಟ್ ಮಾರ್ಕರ್, ಎಕ್ಸಿಫ್, ಥಂಬ್‌ನೇಲ್ ಎಂಬ ಆಯ್ಕೆಗಳಿಗೆ ಟಿಕ್ ಇದ್ದರೆ ತೆಗೆಯಿರಿ. ಇದು ಸುಮ್ಮನೆ ಹೇಳುವ ಮಾತಲ್ಲ. ರೀಸ್ಟಾರ್ಟ್ ಮಾರ್ಕರ್ ಇದ್ದರೆ ಒಂದು ಕಡೆಯ ತಪ್ಪು ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಥಂಬ್‌ನೇಲ್ ಇದ್ದರೆ ದೊಡ್ಡ ಜೆಪೆಗ್‌ನ ಹೊಟ್ಟೆಯಲ್ಲಿ ಪುಟಾಣಿ ಜೆಪೆಗ್ ಇನ್ನೊಂದು ಇರುತ್ತದೆ. ನಾನು ಮೊದಲ ದಿನ ಇಡೀ ಸಂಜೆ ಆ ಪುಟಾಣಿಯನ್ನು ಕೆಡಿಸುತ್ತ ಕೂತಿದ್ದೆ. ದೊಡ್ಡ ಚಿತ್ರ ಮಾತ್ರ ಕಲ್ಲಿನಂತೆ ಹಾಗೇ ಇತ್ತು.

ಈಗ ಆ ಫೈಲಿನ ಹತ್ತು ಪ್ರತಿ ಮಾಡಿ: ಗುಡ್ಡ-01, ಗುಡ್ಡ-02, ಹೀಗೆ. ಮೂಲವನ್ನು ಬೇರೆ ಫೋಲ್ಡರ್‌ನಲ್ಲಿ ಬೀಗ ಹಾಕಿದಂತೆ ಇಡಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಯಾವ ಪ್ರತಿಯಲ್ಲಿ ಎಲ್ಲಿ ಏನು ಬದಲಿಸಿದಿರಿ ಎಂದು ಬರೆದಿಡದಿದ್ದರೆ, ಅದ್ಭುತವಾಗಿ ಬಂದದ್ದು ಇನ್ನೊಮ್ಮೆ ಬರುವುದಿಲ್ಲ.

ಜೆಪೆಗ್‌ಗೆ ಮೊದಲ ಪೆಟ್ಟು

ಗುಡ್ಡ-01ನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆಯಿರಿ. ಎರಡೆರಡು ಅಂಕಿ-ಅಕ್ಷರಗಳ ಜೋಡಿಗಳು ಸಾಲುಸಾಲಾಗಿ ಕಾಣುತ್ತವೆ. ಒಂದು ಜೋಡಿ ಎಂದರೆ ಒಂದು ಬೈಟ್. 0ಯಿಂದ 9, ಆಮೇಲೆ ಎ, ಬಿ, ಸಿ, ಡಿ, ಇ, ಎಫ್, ಒಟ್ಟು ಹದಿನಾರು ಚಿಹ್ನೆ. ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಎಣಿಸುವ ಈ ಕ್ರಮಕ್ಕೇ ಹೆಕ್ಸ್ ಎನ್ನುವುದು. ಪರದೆಯಲ್ಲಿ ಇಂಗ್ಲಿಷ್ ಅಕ್ಷರಗಳಿರುತ್ತವೆ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ. ಫೈಲಿನ ಮೊದಲೆರಡು ಬೈಟ್ ‘ಎಫ್‌ಎಫ್ ಡಿ8’, ಕೊನೆಯವು ‘ಎಫ್‌ಎಫ್ ಡಿ9’. ಎಲ್ಲ ಜೆಪೆಗ್‌ಗಳೂ ಹೀಗೆಯೇ ಶುರುವಾಗಿ ಹೀಗೆಯೇ ಮುಗಿಯುತ್ತವೆ.

ಕಂಟ್ರೋಲ್ ಎಫ್ ಒತ್ತಿ, ಹೆಕ್ಸ್ ಹುಡುಕಾಟದಲ್ಲಿ ‘ಎಫ್‌ಎಫ್ ಡಿಎ’ ಹುಡುಕಿ. ಅದರ ಬೆನ್ನಿಗೆ ಹನ್ನೆರಡು ಬೈಟ್ ಹೀಗಿರುತ್ತವೆ: 00 0ಸಿ 03 01 00 02 11 03 11 00 3ಎಫ್ 00. ಇವನ್ನು ಮುಟ್ಟಬೇಡಿ. ಇಲ್ಲಿಗೆ ಪೀಠಿಕೆ ಮುಗಿಯಿತು, ಮುಂದಿನದೆಲ್ಲ ಚಿತ್ರ. ಈಗ ಫೈಲಿನ ಮುಕ್ಕಾಲು ಭಾಗದಷ್ಟು ಕೆಳಗೆ ಹೋಗಿ ಯಾವುದಾದರೂ ಒಂದು ಬೈಟಿನ ಮೇಲೆ ಕರ್ಸರ್ ಇಟ್ಟು ಬೇರೆ ಜೋಡಿ ಟೈಪ್ ಮಾಡಿ, 4ಬಿ ಇದ್ದರೆ 91 ಮಾಡಿ. ಕೆಳಗಿನ ಪಟ್ಟಿಯಲ್ಲಿ ಓವರ್‌ರೈಟ್ ಎಂದಿರಲಿ. ಎಫ್‌ಎಫ್ ಮಾತ್ರ ಬರೆಯಬೇಡಿ, ಇದ್ದ ಎಫ್‌ಎಫ್ ಅನ್ನು ಕೆಣಕಲೂ ಬೇಡಿ. ಜೆಪೆಗ್‌ನಲ್ಲಿ ಅದು ‘ಮುಂದೆ ಆಜ್ಞೆ ಬರುತ್ತಿದೆ’ ಎಂಬ ಸೂಚನೆ, ಓದುವ ಸಾಫ್ಟ್‌ವೇರ್ ಗಲಿಬಿಲಿಗೊಂಡು ಅಲ್ಲೇ ನಿಲ್ಲಬಹುದು. ಉಳಿಸಿ, ಚಿತ್ರ ತೆರೆಯಿರಿ.

ಗುಡ್ಡದ ಒಂದು ಹಂತದವರೆಗೆ ಎಲ್ಲ ಸರಿಯಾಗಿದೆ. ಅಲ್ಲಿಂದ ಮುಂದೆ ಬಂಡೆಗಳೆಲ್ಲ ಪಕ್ಕಕ್ಕೆ ಸರಿದಿವೆ, ಬಣ್ಣವೂ ಕೆಂಪಿಗೋ ಹಸಿರಿಗೋ ತಿರುಗಿದೆ. ನನ್ನ ಮುಹೂರ್ತದ ಫೋಟೊಗೆ ಆದದ್ದೂ ಇದೇ. ಕಾರಣ ಎರಡು.

ಜೆಪೆಗ್ ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ತುಂಡುಗಳಾಗಿ ಕತ್ತರಿಸುತ್ತದೆ. ಪ್ರತಿ ತುಂಡಿನ ಸರಾಸರಿ ಬೆಳಕು ಎಷ್ಟು ಎಂದು ಬರೆಯುವ ಬದಲು, ಹಿಂದಿನ ತುಂಡಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದಷ್ಟೇ ಬರೆಯುತ್ತದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಒಂದು ದಿನದ ಜಮೆ-ಖರ್ಚಿನಲ್ಲಿ ಸೊನ್ನೆಯೊಂದು ಹೆಚ್ಚಾದರೆ ಅಂದಿನಿಂದ ಪ್ರತಿದಿನದ ಬಾಕಿಯೂ ತಪ್ಪು. ಬಣ್ಣಕ್ಕೂ ಅದೇ ಲೆಕ್ಕದ ಪುಸ್ತಕ. ಆದ್ದರಿಂದಲೇ ಒಂದು ಬೈಟಿನ ತಪ್ಪು ಚಿತ್ರದ ಕೊನೆಯವರೆಗೂ ಹರಿಯುತ್ತದೆ.

ಎರಡನೆಯದು: ಆ ಲೆಕ್ಕಗಳನ್ನು ಬರೆಯುವ ಸಂಕೇತಗಳು ಒಂದೇ ಉದ್ದದವಲ್ಲ, ಅವುಗಳ ನಡುವೆ ಜಾಗವೂ ಇಲ್ಲ. ಹಳೆಯ ಶಾಸನಗಳಲ್ಲಿ ಪದಗಳ ನಡುವೆ ಬಿಡುವಿಲ್ಲದೆ ಕೆತ್ತಿರುತ್ತಾರಲ್ಲ, ಹಾಗೆ. ಒಂದು ಅಕ್ಷರ ತಪ್ಪಾಗಿ ಓದಿದರೆ ಮುಂದಿನ ಪದವನ್ನು ತಪ್ಪು ಜಾಗದಲ್ಲಿ ಒಡೆಯುತ್ತೇವೆ, ಸ್ವಲ್ಪ ದೂರ ಅರ್ಥವಿಲ್ಲದ್ದನ್ನು ಓದಿ ಆಮೇಲೆ ಹೇಗೋ ಹಾದಿಗೆ ಬರುತ್ತೇವೆ. ಸಾಫ್ಟ್‌ವೇರ್ ಕೂಡ ಹಾದಿಗೆ ಬರುತ್ತದೆ, ಆದರೆ ಅಷ್ಟರಲ್ಲಿ ನಾಲ್ಕಾರು ತುಂಡುಗಳ ಎಣಿಕೆ ತಪ್ಪಿರುತ್ತದೆ. ಪೇಟದ ಕೆಳಗಿನ ಮುಖ ಇನ್ನೊಂದು ಅಂಚಿಗೆ ಹೋದದ್ದು ಹೀಗೆ.

ಇಷ್ಟು ತಿಳಿದ ಮೇಲೆ ಕೆಲಸದ ಕ್ರಮ ತಾನಾಗಿ ಗೊತ್ತಾಗುತ್ತದೆ. ಯಾವಾಗಲೂ ಫೈಲಿನ ಕೆಳಗಿನಿಂದ ಮೇಲಕ್ಕೆ ಬನ್ನಿ. ಮೇಲೆ ಮುಟ್ಟಿದರೆ ಕೆಳಗಿನದೆಲ್ಲ ಒಮ್ಮೆಗೇ ಹೋಗುತ್ತದೆ, ಕೆಳಗೆ ಮುಟ್ಟಿದರೆ ಮೇಲಿನದು ಹಾಗೇ ಉಳಿಯುತ್ತದೆ. ಒಂದು ಪೆಟ್ಟು, ಒಂದು ನೋಟ. ಮೂರ್ನಾಲ್ಕು ಪೆಟ್ಟಿಗೆ ಒಳ್ಳೆಯ ಚಿತ್ರ ಬರದಿದ್ದರೆ ಮೂವತ್ತು ಪೆಟ್ಟಿಗೂ ಬರುವುದಿಲ್ಲ, ಬೂದಿ ಮಾತ್ರ ಉಳಿಯುತ್ತದೆ. ಹೊಸ ಪ್ರತಿ ತೆಗೆದುಕೊಳ್ಳಿ.

ಫೈಲಿನ ನಡುಭಾಗ ಎಂದರೆ ಚಿತ್ರದ ನಡುಭಾಗ ಎಂದು ತಿಳಿಯಬೇಡಿ. ಆಕಾಶದಲ್ಲಿ ಬರೆಯುವುದಕ್ಕೆ ಏನಿದೆ? ಅದು ಕೆಲವೇ ಬೈಟ್‌ಗಳಲ್ಲಿ ಮುಗಿದುಹೋಗುತ್ತದೆ. ಬಂಡೆಗಳ ಒರಟು ಮೈಯನ್ನು ಬರೆಯಲು ಬೈಟ್‌ಗಳು ರಾಶಿ ರಾಶಿ ಬೇಕು. ನನ್ನ ಗುಡ್ಡದ ಫೈಲಿನಲ್ಲಿ ಅರ್ಧ ಚಿತ್ರವಾದ ಆಕಾಶಕ್ಕೆ ಫೈಲಿನ ಹತ್ತರಲ್ಲೊಂದು ಪಾಲೂ ಸಿಕ್ಕಿಲ್ಲ. ಆಕಾಶದಲ್ಲಿ ಬಣ್ಣದ ಪಟ್ಟಿ ಬೇಕೆಂದರೆ ಪೀಠಿಕೆ ಮುಗಿದ ಬೆನ್ನಲ್ಲೇ ಹುಡುಕಬೇಕು. ಸೊಂಟದ ಬಳಿ ಬಣ್ಣ ಬದಲಾಗಲಿ ಎಂದು ಹೊರಟರೆ ಐದಾರು ಪ್ರತಿ ಹಾಳಾಗುತ್ತವೆ. ಆಗಲಿ, ಪ್ರತಿಗೆ ಕಾಸು ಕೊಡಬೇಕಿಲ್ಲ.

ಪೀಠಿಕೆಯಲ್ಲಿ ಕೈಚಳಕ

ಪೀಠಿಕೆಯನ್ನು ಮುಟ್ಟಬೇಡಿ ಎಂದು ಹೇಳಿದವನೇ ಈಗ ಮುಟ್ಟಿ ಎನ್ನುತ್ತಿದ್ದೇನೆ, ಆದರೆ ಎರಡೇ ಜಾಗದಲ್ಲಿ.

‘ಎಫ್‌ಎಫ್ ಸಿ0’ ಹುಡುಕಿ. ನಮ್ಮ ಅಳತೆಯ ಚಿತ್ರದಲ್ಲಿ ಅದರ ಮುಂದೆ 00 11 08 03 20 04 ಬಿ0 ಎಂದಿರುತ್ತದೆ. 03 20 ಎಂದರೆ 800, ಎತ್ತರ. 04 ಬಿ0 ಎಂದರೆ 1200, ಅಗಲ. ಬಿ0 ತೆಗೆದು ಎ0 ಮಾಡಿ. ಅಗಲ 1184 ಆಯಿತು, ಹದಿನಾರು ಪಿಕ್ಸೆಲ್ ಕಡಿಮೆ. ತುಂಡುಗಳ ಮೊದಲ ಸಾಲಿನ ಕೊನೆಯ ಹದಿನಾರು ಪಿಕ್ಸೆಲ್ ಮುಂದಿನ ಸಾಲಿನ ಮೊದಲಿಗೆ ಬಂದು ಕೂರುತ್ತದೆ, ಅದರ ಮುಂದಿನ ಸಾಲಿಗೆ ಮೂವತ್ತೆರಡು, ಆಮೇಲೆ ನಲವತ್ತೆಂಟು. ಗುಡ್ಡ ಓರೆಯಾಗಿ ಜಾರುತ್ತದೆ. ಬಣ್ಣ ಕೆಡುವುದಿಲ್ಲ, ಚಿತ್ರ ವಾಲುತ್ತದೆ ಅಷ್ಟೇ. ಬಳ್ಳಾರಿಯ ಏಕಶಿಲೆಯ ಗುಡ್ಡ ಮತ್ತು ಅದರ ಮೇಲಿನ ಕೋಟೆಗೋಡೆಯ ಫೋಟೊಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ.

ಇನ್ನೊಂದು ಜಾಗ ನನಗೆ ಎಲ್ಲಕ್ಕಿಂತ ಪ್ರೀತಿಯದು. ಫೈಲಿನ ಆರಂಭದಲ್ಲೇ ‘ಎಫ್‌ಎಫ್ ಡಿಬಿ 00 43 00’ ಎಂದಿರುತ್ತದೆ, ಮುಂದೆ 64 ಸಂಖ್ಯೆಗಳ ಕೋಷ್ಟಕ. ಇದು ಬೆಳಕಿನದು. ಸ್ವಲ್ಪ ಕೆಳಗೆ ‘ಎಫ್‌ಎಫ್ ಡಿಬಿ 00 43 01’ ಎಂದು ಇನ್ನೊಂದು, ಅದು ಬಣ್ಣದ್ದು. ಫೈಲಿನಲ್ಲಿ ಬರೆದಿರುವ ಪ್ರತಿ ಲೆಕ್ಕವನ್ನೂ ಈ ಸಂಖ್ಯೆಗಳಿಂದ ಗುಣಿಸಿ ಚಿತ್ರ ಕಟ್ಟಲಾಗುತ್ತದೆ. ನಮ್ಮ 80ರ ಗುಣಮಟ್ಟದ ಫೈಲಿನಲ್ಲಿ ಬೆಳಕಿನ ಮೊದಲ ಸಂಖ್ಯೆ 06, ಬಣ್ಣದ್ದು 07. ಬಣ್ಣದ 07 ಅನ್ನು 40 ಮಾಡಿ ನೋಡಿ. ಹೆಕ್ಸ್‌ನ 40 ಎಂದರೆ 64, ಬಣ್ಣ ಒಂಬತ್ತು ಪಟ್ಟು ಹಿಗ್ಗಿತು. ಬೂದು ಎಂದುಕೊಂಡಿದ್ದ ಬಂಡೆಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದ ಕಂದು, ಬಿಳಿ ಎಂದುಕೊಂಡಿದ್ದ ಆಕಾಶದಲ್ಲಿದ್ದ ತೊಟ್ಟು ನೀಲಿ, ಎಲ್ಲ ಒಮ್ಮೆಗೇ ಕಿರುಚುತ್ತವೆ. ಇಲ್ಲದ್ದೇನನ್ನೂ ನಾವು ಸೇರಿಸಿಲ್ಲ ಎಂಬುದೇ ಇದರ ಸೊಗಸು. ಕೋಷ್ಟಕದ ಎರಡನೆಯ, ಮೂರನೆಯ ಸಂಖ್ಯೆಗಳನ್ನು ಹಿಗ್ಗಿಸಿದರೆ ಇಡೀ ಗುಡ್ಡಕ್ಕೆ ಚೌಕುಳಿ ಬಟ್ಟೆ ಹೊದಿಸಿದಂತಾಗುತ್ತದೆ. ಈ ವಿಧಾನದಲ್ಲಿ ಫೈಲ್ ತೆರೆಯದೆ ಹೋಗುವ ಭಯವೂ ಇಲ್ಲ.

ಚಿತ್ರಕ್ಕೆ ಪ್ರತಿಧ್ವನಿ

ಈಗ ಬೇರೆ ಹಾದಿ. ಮೂಲ ಫೋಟೊವನ್ನು ಗಿಂಪ್‌ನಿಂದ 24 ಬಿಟ್‌ನ ಬಿಎಂಪಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಬಿಎಂಪಿಯಲ್ಲಿ ಜಾಣತನವೇನೂ ಇಲ್ಲ. ಆರಂಭದಲ್ಲಿ ಪುಟ್ಟ ಪೀಠಿಕೆ, ಆಮೇಲೆ ಪ್ರತಿ ಪಿಕ್ಸೆಲ್‌ಗೆ ಮೂರು ಬೈಟ್: ನೀಲಿ, ಹಸಿರು, ಕೆಂಪು. ಬರೆಯುವುದು ಚಿತ್ರದ ಕೆಳಗಿನ ಸಾಲಿನಿಂದ ಮೇಲಕ್ಕೆ. ನಮ್ಮ ಚಿತ್ರದ ಒಂದು ಸಾಲಿಗೆ 3,600 ಬೈಟ್, ಒಟ್ಟು 28,80,000 ಬೈಟ್ ಚಿಲ್ಲರೆ.

ಅಡಾಸಿಟಿಯಲ್ಲಿ ಫೈಲ್, ಇಂಪೋರ್ಟ್, ರಾ ಡೇಟಾ ಆರಿಸಿ ಈ ಬಿಎಂಪಿಯನ್ನು ತೆರೆಯಿರಿ. ಎನ್‌ಕೋಡಿಂಗ್ ಯು-ಲಾ, ಚಾನೆಲ್ ಮೊನೊ, ಆಫ್‌ಸೆಟ್ ಸೊನ್ನೆ, ದರ 44100, ಅಂದರೆ ಸೆಕೆಂಡಿಗೆ ಅಷ್ಟು ಬೈಟ್. ಸುಮಾರು 65 ಸೆಕೆಂಡಿನ ಧ್ವನಿ ಬರುತ್ತದೆ. ಕೇಳುವ ಆಸೆಯಿದ್ದರೆ ಮೊದಲು ಸ್ಪೀಕರ್ ಸದ್ದು ತೀರಾ ಕಡಿಮೆ ಮಾಡಿ, ಹೆಡ್‌ಫೋನ್ ತೆಗೆದಿಡಿ. ಸಾಲುಗಳು ಸೆಕೆಂಡಿಗೆ ಹನ್ನೆರಡರಂತೆ ಓಡುವುದರಿಂದ ಕರ್ಕಶವಾದ ಗರಗರ ಸದ್ದು. ತಟ್ಟಿದರೆ ಅಷ್ಟು ಇಂಪಾಗಿ ನುಡಿಯುವ ಕಲ್ಲು ಫೋಟೊದಲ್ಲಿ ಹೀಗೆ ಅರಚುವುದನ್ನು ಕೇಳಿ ನಾನು ನಕ್ಕಿದ್ದೇನೆ.

ಮೊದಲ ಅರ್ಧ ಸೆಕೆಂಡನ್ನು ಬಿಟ್ಟು ಉಳಿದದ್ದನ್ನು ಸೆಲೆಕ್ಟ್ ಮಾಡಿ. ಪೀಠಿಕೆ ಆ ಅರ್ಧ ಸೆಕೆಂಡಿನೊಳಗೆ ಇದೆ, ಅದು ಕೆಟ್ಟರೆ ಚಿತ್ರ ತೆರೆಯುವುದೇ ಇಲ್ಲ. ಇದರಿಂದ ಚಿತ್ರದ ತಳದ ಐದಾರು ಸಾಲು ಏನೂ ಆಗದೆ ಉಳಿಯುತ್ತವೆ, ಅಷ್ಟೇ ನಷ್ಟ. ಈಗ ಎಫೆಕ್ಟ್ ಪಟ್ಟಿಯಿಂದ ಎಕೊ ಹಾಕಿ. ಡಿಲೇ (ಪ್ರತಿಧ್ವನಿ ಎಷ್ಟು ತಡವಾಗಿ ಬರಬೇಕು) 1 ಸೆಕೆಂಡ್, ಡಿಕೇ (ಎಷ್ಟು ಕುಗ್ಗಬೇಕು) 0.5.

ಒಂದು ಸೆಕೆಂಡ್ ಎಂದರೆ 44,100 ಬೈಟ್. ಅದರಲ್ಲಿ ಹನ್ನೆರಡು ಸಾಲಿಗೆ 43,200 ಹೋಯಿತು, ಉಳಿದದ್ದು 900 ಬೈಟ್, ಅಂದರೆ 300 ಪಿಕ್ಸೆಲ್. ಹಾಗಾಗಿ ಪ್ರತಿ ಬಂಡೆಗೂ ಹನ್ನೆರಡು ಸಾಲು ಮೇಲೆ, 300 ಪಿಕ್ಸೆಲ್ ಬಲಕ್ಕೆ ಒಂದು ಮಸುಕು ನೆರಳು ಹುಟ್ಟುತ್ತದೆ. ಅದರಾಚೆ ಮತ್ತೂ ಮಸುಕಾದ ಇನ್ನೊಂದು. ನೆರಳು ಪಕ್ಕಕ್ಕೆ ಹೋಗದೆ ನೆಟ್ಟಗೆ ಮೇಲಕ್ಕೆ ಏಳಬೇಕೆ? ಡಿಲೇ 4 ಸೆಕೆಂಡ್ ಕೊಡಿ, ಅದು ಸರಿಯಾಗಿ 49 ಸಾಲು. ಬಣ್ಣಗಳು ಅದಲುಬದಲಾಗಬೇಕೆ? ದಶಾಂಶದ ನಂತರ ಮೂರು ಅಂಕಿ ಕೊಡಿ, 0.501ರಂತೆ. ನೀಲಿಯ ಪ್ರತಿಧ್ವನಿ ಬೇರೆ ಬಣ್ಣದ ಮನೆಗೆ ಹೋಗಿ ಬೀಳುತ್ತದೆ. ಈ ಲೆಕ್ಕ ಕೈಗೆ ಬಂದ ದಿನ ನನಗೆ ಬೆಳಗಿನ ಮೂರು ಗಂಟೆಯವರೆಗೆ ನಿದ್ದೆ ಬರಲಿಲ್ಲ.

ಫೇಸರ್, ರಿವರ್ಬ್, ಬಾಸ್ ಮತ್ತು ಟ್ರೆಬಲ್ ಕೂಡ ಪ್ರಯತ್ನಿಸಿ. ಧ್ವನಿಯ ಉದ್ದವನ್ನೇ ಬದಲಿಸುವ ಎಫೆಕ್ಟ್‌ಗಳನ್ನು ಕೊನೆಗೆ ಇಟ್ಟುಕೊಳ್ಳಿ, ಅವು ಸಾಲುಗಳ ಅಳತೆಯನ್ನೇ ಕದಡುತ್ತವೆ. ಮುಗಿದ ಮೇಲೆ ಎಕ್ಸ್‌ಪೋರ್ಟ್‌ನಲ್ಲಿ ‘ಅನ್‌ಕಂಪ್ರೆಸ್ಡ್’ ಬಗೆಯನ್ನು ಆರಿಸಿ, ಹೆಡರ್ (ಅಂದರೆ ಪೀಠಿಕೆ) ಇಲ್ಲದ ರಾ, ಎನ್‌ಕೋಡಿಂಗ್ ಮತ್ತೆ ಯು-ಲಾ, ಮೊನೊ, 44100. ಫೈಲಿನ ಹೆಸರಿನ ಬಾಲವನ್ನು ಬಿಎಂಪಿ ಎಂದು ಬದಲಿಸಿ ತೆರೆಯಿರಿ. ತೆರೆಯದಿದ್ದರೆ ಗಾಬರಿ ಬೇಡ. ಮೂಲ ಬಿಎಂಪಿಯನ್ನೂ ಇದನ್ನೂ ಹೆಕ್ಸ್ ಎಡಿಟರ್‌ನಲ್ಲಿ ತೆರೆದು, ಮೂಲದ ಮೊದಲ ಇನ್ನೂರು ಬೈಟ್‌ಗಳನ್ನು ಇದರ ಮೊದಲ ಇನ್ನೂರರ ಮೇಲೆ ಅಂಟಿಸಿ. ತಲೆ ಬದಲಾದ ಮೇಲೆ ಮೈ ತಾನೇ ಎದ್ದು ಕೂರುತ್ತದೆ.

ಉಳಿದ ಕೆಲವು

ಪಿಎನ್‌ಜಿ ಫೈಲಿನ ಗೊಡವೆಗೆ ಈಗಲೇ ಹೋಗಬೇಡಿ. ಅದರ ಪ್ರತಿ ಭಾಗಕ್ಕೂ ಕೊನೆಯಲ್ಲಿ ತಾಳೆ ನೋಡುವ ಸಂಖ್ಯೆಯೊಂದಿದೆ, ಒಂದು ಬೈಟ್ ಬದಲಾದರೂ ಬಹಳಷ್ಟು ಸಾಫ್ಟ್‌ವೇರ್‌ಗಳು ತೆರೆಯಲು ನಿರಾಕರಿಸುತ್ತವೆ. ಬಿಎಂಪಿಯನ್ನು ವರ್ಡ್‌ಪ್ಯಾಡ್‌ನಲ್ಲಿ ತೆರೆದು ಸುಮ್ಮನೆ ಸೇವ್ ಮಾಡುವುದು ಹಳೆಯ ಜನಪ್ರಿಯ ಉಪಾಯ. ಅದು ಸಾಲು ಮುರಿಯುವ ಗುರುತು ಎಂದುಕೊಂಡು ಅಲ್ಲಲ್ಲಿ ಬೈಟ್ ಸೇರಿಸಿ ಚಿತ್ರವನ್ನು ಜಾರಿಸುತ್ತಿತ್ತು. ವಿಂಡೋಸ್ 11ರ 2024ರ ಆವೃತ್ತಿಯಿಂದ ವರ್ಡ್‌ಪ್ಯಾಡೇ ಇಲ್ಲವಾಯಿತು, ಹಳೆಯ ಕಂಪ್ಯೂಟರ್ ಇದ್ದವರು ಅದೃಷ್ಟವಂತರು. ಪ್ರೋಗ್ರಾಮಿಂಗ್ ಬಲ್ಲವರು ಪಿಕ್ಸೆಲ್ ಸಾರ್ಟಿಂಗ್ ನೋಡಬಹುದು. ಜರ್ಮನಿಯ ಕಲಾವಿದ ಕಿಮ್ ಅಸೆಂಡೋರ್ಫ್ 2010ರಲ್ಲಿ ಹೆಸರಾಗಿಸಿದ ವಿಧಾನ ಅದು. ಸಾಲಿನ ಪಿಕ್ಸೆಲ್‌ಗಳನ್ನು ಬೆಳಕಿನ ಕ್ರಮದಲ್ಲಿ ಜೋಡಿಸಿದಾಗ ಚಿತ್ರ ಸೋರಿದಂತೆ ಕಾಣುತ್ತದೆ. ಚೆಂದವೇ, ಆದರೆ ಅಲ್ಲಿ ಫೈಲ್ ಕೆಡುವುದಿಲ್ಲ, ಹಾಗಾಗಿ ನನಗೆ ಅಷ್ಟು ಹಿಡಿಸುವುದಿಲ್ಲ.

ಜನರ ಮುಖಗಳ ಮೇಲೆ ಇದನ್ನು ಮಾಡುವ ಮುನ್ನ ಅವರನ್ನು ಕೇಳಿ. ದೇವರ ಫೋಟೊ ಬೇಡ. ನಿಮಗೆ ಬಣ್ಣದ ಆಟವಾಗಿ ಕಂಡದ್ದು ಪಕ್ಕದ ಮನೆಯ ಅಜ್ಜಿಗೆ ಹಾಗೆ ಕಾಣುವುದಿಲ್ಲ. ಆ ಮುಹೂರ್ತದ ಫೋಟೊವನ್ನು ನಾನು ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಉಳಿಸುವುದು, ಮುದ್ರಿಸುವುದು

ಕೆಟ್ಟ ಜೆಪೆಗ್ ಒಂದೊಂದು ಸಾಫ್ಟ್‌ವೇರ್‌ನಲ್ಲಿ ಒಂದೊಂದು ರೀತಿ ಕಾಣುತ್ತದೆ. ಗಿಂಪ್‌ನಲ್ಲಿ ಹಸಿರು ಪಟ್ಟಿ ಇದ್ದದ್ದು ಮೊಬೈಲ್‌ನಲ್ಲಿ ಬೂದು ಆಗಿರಬಹುದು, ಅಥವಾ ಫೈಲೇ ತೆರೆಯದಿರಬಹುದು. ಆದ್ದರಿಂದ ಇಷ್ಟವಾದದ್ದು ಎಲ್ಲಿ ಕಂಡಿತೋ ಅಲ್ಲಿಂದಲೇ ಪಿಎನ್‌ಜಿಯಾಗಿ ಎಕ್ಸ್‌ಪೋರ್ಟ್ ಮಾಡಿ. ಅದಾಗದಿದ್ದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಹಂಚುವುದಕ್ಕೆ, ಮುದ್ರಿಸುವುದಕ್ಕೆ ಈ ಪ್ರತಿ. ಕೆಟ್ಟ ಫೈಲನ್ನೂ ಎಸೆಯಬೇಡಿ, ನೋಟ್‌ಬುಕ್ಕಿನ ಪಕ್ಕದಲ್ಲಿ ಇರಲಿ.

ಮುದ್ರಣದ ಅಂಗಡಿಗೆ ಹೋದಾಗ ಇನ್ನೊಂದು ಎಚ್ಚರ ಬೇಕು. ಮೊದಲ ಸಲ ನನ್ನ ಗುಡ್ಡದ ಚಿತ್ರವನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟು ಬಂದೆ. ಸಂಜೆ ಹೋದಾಗ ಅಲ್ಲಿನ ಹುಡುಗ ಹೆಮ್ಮೆಯಿಂದ ದೊಡ್ಡ ಹಾಳೆ ಬಿಚ್ಚಿ ತೋರಿಸಿದ. ನೇರಳೆ ಆಕಾಶ ನೀಲಿಯಾಗಿತ್ತು. ಸರಿದಿದ್ದ ಬಂಡೆಗಳ ಭಾಗವನ್ನು ನೀಟಾಗಿ ಕತ್ತರಿಸಿ ತೆಗೆದಿದ್ದ.

‘ಅಣ್ಣ, ನಿಮ್ಮ ಫೈಲ್ ಕೆಟ್ಟಿತ್ತು. ಎರಡು ತಾಸು ಕೂತು ಸರಿ ಮಾಡಿದ್ದೇನೆ. ಅದಕ್ಕೇನೂ ಹೆಚ್ಚು ಕೊಡಬೇಡಿ.’

ಏನು ಹೇಳಲಿ? ದುಡ್ಡು ಕೊಟ್ಟು, ಥ್ಯಾಂಕ್ಸ್ ಹೇಳಿ, ಹಾಳೆ ಸುತ್ತಿಕೊಂಡು ಬಂದೆ. ಈಗ ಪ್ರತಿ ಫೈಲಿನ ಹೆಸರು ‘ಹೀಗೆಯೇ-ಇರಲಿ-ಸರಿಮಾಡಬೇಡಿ’ ಎಂದು ಶುರುವಾಗುತ್ತದೆ.